ತೊಳೆಯದ ಸ್ವೆಟರ್

ಅಕ್ಟೋಬರ್ ೧೨
ಜೈಲಿನ ಕ್ವಾರ್ಟರ್ಸ್

ಅಕ್ಕಾ,

ಈ ಕಾಗದವನ್ನು ಮೊದಲು ಅಮ್ಮನ ಕೈಗೆ ಕೊಡು. ನೀನು ಓದಿ ಆಮೇಲೆ ಕೊಟ್ಟರೆ ಎಂಜಲು ಸುದ್ದಿ ಕೊಟ್ಟೆ ಎಂದು ಮುಖ ಊದಿಸಿಕೊಳ್ಳುತ್ತಾಳೆ. ಫೋನ್ ಮಾಡುವುದಿಲ್ಲ ಎಂದು ಬೈದಿದ್ದೀಯ. ಕೈದಿಗಳು ಕದ್ದು ಫೋನ್ ಮಾಡಬಾರದು ಎಂದು ಹಾಕಿದ ಜಾಮರ್ ಗೋಡೆಯಾಚೆಗಿನ ನಮ್ಮ ಬಾಯಿಯನ್ನೂ ಕಟ್ಟಿದೆ. ಮಾಡಿದರೂ ಅಮ್ಮನ ಕಿವಿಗೆ ಫೋನ್ ಕೇಳಿಸುವುದಿಲ್ಲ. ಐದು ದಿನ ತಡವಾದರೂ ಕಾಗದವೇ ಸರಿ, ಕನ್ನಡಕ ಹಾಕಿಕೊಂಡು ತಾನೇ ಓದಬಹುದು.

ನನ್ನನ್ನು ಈಗ ಮುಖ್ಯ ಗೇಟಿಗೆ ಹಾಕಿದ್ದಾರೆ. ಕೈದಿಗಳನ್ನು ನೋಡಲು ಬರುವವರನ್ನು ತಪಾಸಣೆ ಮಾಡುವ ಕೋಣೆ ನನ್ನದು. ಒಂದು ಮೇಜು, ಎರಡು ಬೆಂಚು, ಒಡೆದ ಕಿಟಕಿಗೆ ರಟ್ಟು. ಅದರ ಸಂದಿನಿಂದ ಬರುವ ಗಾಳಿಗೆ ಬೆಳಿಗ್ಗೆ ಎಂಟಕ್ಕೆ ಹಲ್ಲು ಕಟಕಟ ಎನ್ನುತ್ತದೆ. ಕಳೆದ ತಿಂಗಳು ಹೊಸ ಯಂತ್ರವೊಂದು ಬಂದಿದೆ. ಬಂದವರ ಅಂಗೈಯನ್ನು ಒಂದು ಚೂರು ಬಟ್ಟೆಯಿಂದ ಒರೆಸಿ ಅದರ ಬಾಯಿಗಿಟ್ಟರೆ ಸಾಕು, ಅಫೀಮು ಗಾಂಜಾ ಏನನ್ನೇ ಮುಟ್ಟಿದ್ದರೂ ಎಂಟು ಸೆಕೆಂಡಿನಲ್ಲಿ ಕೂಗುತ್ತದೆ. ನಾವು ಅದನ್ನು ‘ಅತ್ತೆ’ ಎಂದು ಕರೆಯುತ್ತೇವೆ. ಯಾರು ಬಂದರೂ ಮೂಸಿ ನೋಡಿ ತಪ್ಪು ಹುಡುಕುವುದೇ ಅದರ ಕೆಲಸ.

ಒಂದು ಸಲ ಕೂಗಿದರೆ ಆ ದಿನ ಭೇಟಿಯಿಲ್ಲ. ಮೂರು ಸಲ ಕೂಗಿದರೆ ಆರು ತಿಂಗಳು ಗೇಟಿನ ಹತ್ತಿರ ಬರುವಂತಿಲ್ಲ. ಮೊನ್ನೆ ಯಾರಿಗೆ ಕೂಗಿತು ಗೊತ್ತಾ? ಅರವತ್ತು ದಾಟಿದ ಒಬ್ಬ ಮುದುಕಿಗೆ. ಬಿಸಿಲಿರಲಿ ಬಿಡಲಿ, ಕೈಯಲ್ಲಿ ಸದಾ ಒಂದು ನೀಲಿ ಕೊಡೆ. ಎರಡು ಬಸ್ಸು ಬದಲಾಯಿಸಿ ಮಗನನ್ನು ನೋಡಲು ಬರುತ್ತಾಳೆ. ನೋಡಿದರೆ ಬೆಕ್ಕಿಗೂ ಛೀ ಎನ್ನದವಳು. ಯಂತ್ರ ಕೂಗಿದಾಗ ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಹೊರಗಿನ ಬಾಗಿಲು ತೋರಿಸಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಮ್ಮ ಹೇಳುತ್ತಿದ್ದದ್ದು ಇಲ್ಲಿ ದಿನಕ್ಕೆ ಹತ್ತು ಸಲ ನೆನಪಾಗುತ್ತದೆ.

ಜನವರಿ ಹತ್ತಕ್ಕೆ ನನ್ನ ನೌಕರಿ ಖಾಯಂ. ಅಲ್ಲಿಯವರೆಗೆ ರಜೆ ಕೇಳಬಾರದು, ತಪ್ಪು ಮಾಡಬಾರದು. ಅಪ್ಪನ ಕಾಯಿಲೆಗೆ ಓಡಿಬಂದು ಹಿಂದಿನ ಕೆಲಸ ಕಳೆದುಕೊಂಡದ್ದು ಅಮ್ಮನಿಗೆ ಇನ್ನೂ ನೋವು. ಈ ಸಲ ಹಾಗಾಗುವುದಿಲ್ಲ ಎಂದು ಅವಳಿಗೆ ಹೇಳು.

ನಿನ್ನ ಮೊಂಡಿ


ಅಕ್ಟೋಬರ್ ೨೦
(ಅಂಚೆಗೆ ಹಾಕಲಿಲ್ಲ)

ಮೊಂಡಿ,

ಅಮ್ಮ ಹೆಚ್ಚು ದಿನ ಉಳಿಯುವುದಿಲ್ಲ. ಮೂರು ಸಲ ಬರೆದು ಹರಿದ ವಾಕ್ಯ ಇದು.

ಹೊಟ್ಟೆಯಲ್ಲಿ ಗಡ್ಡೆ, ಈಗ ಎಲ್ಲ ಕಡೆ ಹರಡಿದೆ. ಆಪರೇಷನ್ ಮಾಡುವ ಕಾಲ ಮೀರಿದೆ ಎಂದು ಡಾಕ್ಟರ್ ಹೇಳಿ ಐದು ವಾರವಾಯಿತು. ಹೊಸ ವರ್ಷ ನೋಡಿದರೆ ಹೆಚ್ಚು ಎಂದರು. ನೋವಿಗೆ ಮಾರ್ಫಿನ್ ಸಿರಪ್ ಕೊಟ್ಟಿದ್ದಾರೆ, ಅಫೀಮಿನಿಂದಲೇ ಮಾಡುವ ಔಷಧ. ನಾಲ್ಕು ಗಂಟೆಗೊಮ್ಮೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ಕೆನ್ನೆಯೊಳಗೆ ಬಿಡುತ್ತೇನೆ. ಅರ್ಧ ಒಳಗೆ ಹೋಗುತ್ತದೆ, ಉಳಿದದ್ದು ಗಲ್ಲದ ಮೇಲೆ ಇಳಿದು ಸ್ವೆಟರಿನ ತೋಳಿಗೆ. ಅವಳು ತೋಳಿನಿಂದಲೇ ಬಾಯಿ ಒರೆಸಿಕೊಳ್ಳುತ್ತಾಳೆ, ಚಿಕ್ಕಂದಿನಲ್ಲಿ ನೀನು ಮಾಡುತ್ತಿದ್ದ ಹಾಗೆ.

ನಿನಗೆ ಹೇಳಬಾರದೆಂದು ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದಾಳೆ. "ಅವಳ ನೌಕರಿ ಖಾಯಂ ಆಗೋವರೆಗೂ ನಾನು ಇರ್ತೀನಿ. ಆಮೇಲೆ ಹೇಳು. ಮೊದಲು ಹೇಳಿದ್ರೆ ಎಲ್ಲ ಬಿಟ್ಟು ಓಡಿ ಬರ್ತಾಳೆ, ಅವಳ ಅಪ್ಪನಿಗೆ ಮಾಡಿದ ಹಾಗೆ." ಮೈಯಲ್ಲಿ ಎಲುಬು ಬಿಟ್ಟರೆ ಏನಿಲ್ಲ, ಹಠ ಮಾತ್ರ ಮೊದಲಿನಷ್ಟೇ ಇದೆ.

ನಿನ್ನ ಕಾಗದ ಓದಿ ಅಮ್ಮ ನಕ್ಕಳು. ನೀಲಿ ಕೊಡೆಯವಳ ಸುದ್ದಿಗೆ ಬಂದಾಗ ನಗು ನಿಂತಿತು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಕೈ ನೋಡಿದಳು. ನಿನ್ನ ಗೇಟಿಗೆ ನಾನು ಬಂದರೂ ಆ ಯಂತ್ರ ಕೂಗುತ್ತದೆ.

ಇದನ್ನು ಹಾಕಲಾರೆ. ಪೆಟ್ಟಿಗೆಯ ತಳದಲ್ಲಿ ಇಡುತ್ತೇನೆ.


ಅಕ್ಟೋಬರ್ ೨೦

ಪ್ರೀತಿಯ ಮೊಂಡಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮ ನಿನ್ನ ಅತ್ತೆಯ ಕಥೆ ಓದಿ ತುಂಬ ನಕ್ಕಳು. ಮಂಡಿನೋವೆಂದು ಸ್ವಲ್ಪ ಮಲಗಿಕೊಂಡೇ ಇರುತ್ತಾಳೆ, ವಯಸ್ಸಾಯಿತಲ್ಲ. ಖಾಯಂ ಆರ್ಡರ್ ಬಂದ ದಿನ ಹೊಸ ಬಟ್ಟೆ ಹಾಕಿಕೊಂಡು ಕೂರುತ್ತಾಳಂತೆ.

ಒಂದು ಮಾತು. ಆ ನೀಲಿ ಕೊಡೆಯವಳ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದಾರಾ ಎಂದು ಕೇಳಿ ನೋಡು. ಕೆಲವು ಔಷಧಗಳಲ್ಲೂ ಅಂಥದ್ದು ಇರುತ್ತದೆ ಎಂದು ಎಲ್ಲೋ ಓದಿದ ನೆನಪು. ಕೇಳುವುದರಿಂದ ನಿನ್ನ ಗಂಟೇನೂ ಹೋಗುವುದಿಲ್ಲ.

ಅಕ್ಕ


ನವೆಂಬರ್ ೨

ಅಕ್ಕಾ,

ಎಲ್ಲೋ ಓದಿದೆಯಾ? ದಿನಪತ್ರಿಕೆಯಲ್ಲಿ ಅಡುಗೆಪುಟ ಬಿಟ್ಟರೆ ಬೇರೇನೂ ತೆರೆಯದ ನೀನು ಈಗ ನನಗೆ ಕೆಲಸ ಕಲಿಸುತ್ತೀಯಾ? ಹೋಗಲಿ, ನಿನ್ನ ಮಾತಿಗೆ ಕೇಳಿದೆ. ಮೊನ್ನೆ ಶುಕ್ರವಾರ ಬಂದಿದ್ದಳು, ಯಂತ್ರ ಮತ್ತೆ ಕೂಗಿತು. ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿದ್ದಕ್ಕೆ, ಯಜಮಾನರು ಮಲಗಿದಲ್ಲೇ ಇದ್ದಾರೆ, ನೋವಿನ ಔಷಧ ತಾನೇ ಕುಡಿಸುವುದು ಎಂದಳು. ನಾನು ಹೆಡ್ ವಾರ್ಡರ್ ಮುಖ ನೋಡಿದೆ. ಇಪ್ಪತ್ತೆರಡು ವರ್ಷ ಈ ಗೇಟಿನಲ್ಲಿ ಕೂತ ಮನುಷ್ಯ, ತಲೆ ಕೂಡ ಎತ್ತಲಿಲ್ಲ. ಪ್ರತಿಯೊಬ್ಬರ ಮನೆಯಲ್ಲೂ ಒಬ್ಬ ಕಾಯಿಲೆಯವನು ಇದ್ದೇ ಇರುತ್ತಾನೆ, ಇಲ್ಲದಿದ್ದರೆ ಹುಟ್ಟಿಸುತ್ತಾರೆ ಎಂದ. ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಹೊತ್ತು, ಕೂಗಿತೋ ಇಲ್ಲವೋ ಬರೆಯಲು ಅಂಕಣಗಳಿವೆ. ಯಾಕೆ ಕೂಗಿತು ಎಂದು ಬರೆಯಲು ಅಂಕಣವೇ ಇಲ್ಲ.

ಕೆಟ್ಟವಳು ಎಂದುಕೊಳ್ಳಬೇಡ. ಹೋದ ವರ್ಷ ಒಬ್ಬಳ ತಲೆಗೂದಲ ಗಂಟಿನಲ್ಲಿ ಪುಡಿ ಒಳಗೆ ಹೋಗಿ, ಹತ್ತೊಂಬತ್ತು ವರ್ಷದ ಕೈದಿ ಪಾಯಿಖಾನೆಯಲ್ಲಿ ಸತ್ತುಬಿದ್ದಿದ್ದ. ಬಾಗಿಲು ಒಡೆದವರಲ್ಲಿ ನಾನೂ ಒಬ್ಬಳು. ಅವತ್ತಿನಿಂದ ನನಗೆ ಕಥೆಗಿಂತ ಯಂತ್ರದ ಮೇಲೆ ನಂಬಿಕೆ. ಅದಕ್ಕೆ ಅಕ್ಕ ತಂಗಿ ಬಂಧು ಬಳಗ ಯಾರೂ ಇಲ್ಲ.

ನಮ್ಮನ್ನು ಪರೀಕ್ಷೆ ಮಾಡುತ್ತಾರಾ ಎಂದು ಅಮ್ಮ ಕೇಳಬಹುದು. ಇಲ್ಲ. ಸಿಬ್ಬಂದಿಗೆ ಅತ್ತೆಯ ಕಾಟವಿಲ್ಲ.

ಚಳಿ ಜೋರಾಗಿದೆ. ಅಮ್ಮ ಯಾಕೆ ಒಂದು ಸಾಲೂ ಬರೆಯುವುದಿಲ್ಲ? ನನ್ನ ಮೇಲೆ ಕೋಪವೇ?

ಮೊಂಡಿ


ನವೆಂಬರ್ ೧೪
(ಪಾರ್ಸಲ್ಲಿನ ಒಳಗಿನ ಚೀಟಿ)

ಮೊಂಡಿ, ಅಮ್ಮ ತನ್ನ ಕಂದು ಸ್ವೆಟರ್ ನಿನಗೆ ಕಳಿಸು ಎಂದು ಒಂದೇ ಹಠ. ತನಗೆ ಈಗ ಸೆಖೆಯಂತೆ. ತೊಳೆದು ಕಳಿಸುತ್ತೇನೆ ಎಂದರೆ ಬಿಡಲಿಲ್ಲ. "ತೊಳೀಬೇಡ. ನನ್ನ ವಾಸನೆ ಇರ್ಲಿ. ನಾನಂತೂ ಹೋಗೋ ಹಾಗಿಲ್ಲ, ಅದಾದ್ರೂ ಅವಳ ಜೊತೆ ಇರುತ್ತೆ." ಬಸ್ಸಿನ ಪ್ರಯಾಣ ಮಂಡಿಗೆ ಆಗುವುದಿಲ್ಲವಲ್ಲ, ಅದಕ್ಕೆ ಹಾಗಂದಳು. ಕೆಳಗಿನ ಸಾಲು ಅವಳದೇ.

ಮೊಂಡಿ ಎಲ್ಲ ಗುಂಡಿ ಹಾಕಿಕೊ


ನವೆಂಬರ್ ೨೬

ಅಕ್ಕಾ,

ಸ್ವೆಟರ್ ಬಂತು. ತೋಳು ಸ್ವಲ್ಪ ಗಿಡ್ಡ, ಆದರೂ ಯೂನಿಫಾರ್ಮಿನ ಒಳಗೆ ಹಾಕಿಕೊಂಡೇ ಡ್ಯೂಟಿಗೆ ಹೋಗುತ್ತೇನೆ. ಬಿಡುವಾದಾಗ ತೋಳಿಗೆ ಮೂಗಿಟ್ಟು ಕೂರುತ್ತೇನೆ, ಜೊತೆಯವರು ನಗುತ್ತಾರೆ. ಅಮ್ಮನ ವಾಸನೆಯ ಜೊತೆ ಏನೋ ಸಿಹಿ ವಾಸನೆ, ಕೆಮ್ಮಿನ ಔಷಧದ ಹಾಗೆ. ಕೆಮ್ಮಾ ಅವಳಿಗೆ? ಅಕ್ಷರವೂ ಹಾವು ಹರಿದ ಹಾಗಿದೆ. ಶಾಲೆಗೆ ಹೋಗುವ ದಿನಗಳಲ್ಲಿ ನನ್ನ ಅಕ್ಷರ ಹೀಗಿದ್ದರೆ ಬೆರಳಿಗೆ ಬಡಿಯುತ್ತಿದ್ದಳು. ಕನ್ನಡಕದ ನಂಬರ್ ಬದಲಾಗಿದ್ದರೆ ಡಾಕ್ಟರಿಗೆ ತೋರಿಸು.

ನೀಲಿ ಕೊಡೆಯವಳ ಕಥೆ ಮುಗಿಯಿತು. ಭಾನುವಾರ ಬಂದವಳು ಒಳಗೆ ಕಾಲಿಡುವ ಮೊದಲೇ ಅಂಗಳದ ನಲ್ಲಿಯ ಹತ್ತಿರ ನಿಂತು ಕೈ ತೊಳೆದಳು. ಸಾಬೂನನ್ನು ಮನೆಯಿಂದಲೇ ತಂದಿದ್ದಳು. ಮೊಣಕೈಯವರೆಗೆ, ಉಗುರಿನ ಸಂದಿಯನ್ನೆಲ್ಲ ಉಜ್ಜಿ ಉಜ್ಜಿ ಕೈ ಕೆಂಪಗಾಗಿತ್ತು. ಆಮೇಲೆ ನೆಲಕ್ಕಿಟ್ಟಿದ್ದ ಕೊಡೆಯನ್ನು ತೆಗೆದುಕೊಂಡು ಸಾಲಿನಲ್ಲಿ ನಿಂತಳು. ನಾನೂ ಈ ಸಲ ಕೂಗದಿರಲಿ ಎಂದುಕೊಂಡೆ, ಸುಳ್ಳಲ್ಲ. ಕೂಗಿತು. ಆರು ತಿಂಗಳ ನಿಷೇಧದ ಕಾಗದಕ್ಕೆ ನಾನೇ ಹೆಬ್ಬೆಟ್ಟು ಒತ್ತಿಸಿಕೊಂಡೆ. ಇಷ್ಟು ತೊಳೆದರೂ ಹೋಗಲಿಲ್ಲ ಎಂದರೆ ಎಷ್ಟು ಮುಟ್ಟಿರಬೇಕು ಎಂದು ಹೆಡ್ ವಾರ್ಡರ್ ಹೇಳಿದ. ಮಗನಿಗೆ ವಿಷಯ ತಿಳಿಸುತ್ತೀರಾ ಎಂದು ಅವಳು ಕೇಳಿದಳು. ಅದು ನಮ್ಮ ಕೆಲಸವಲ್ಲ ಎಂದು ಬಿಟ್ಟೆ.

ಇನ್ನೊಂದು ಸುದ್ದಿ. ಡಿಸೆಂಬರಿನಿಂದ ನಮಗೂ ಪರೀಕ್ಷೆಯಂತೆ. ಡ್ಯೂಟಿಗೆ ಬರುವಾಗ ಬಟ್ಟೆಯ ಚೀಲಕ್ಕೆ ಕೈ ಹಾಕಿ ಗೋಲಿ ತೆಗೆಯಬೇಕು. ಬಿಳಿ ಬಂದವರು ಒಳಗೆ, ಕೆಂಪು ಬಂದವರು ಅತ್ತೆಯ ಮುಂದೆ. ಅಂಗೈ, ತೋಳು, ಜೇಬು ಎಲ್ಲ ಒರೆಸುತ್ತಾರೆ. ಕೆಲವರು ಗೊಣಗುತ್ತಿದ್ದಾರೆ. ನನಗೇನು ಭಯ? ಮಡಿಲಲ್ಲಿ ಕಲ್ಲಿದ್ದವನಿಗೆ ತಾನೇ ನಡೆಯಲು ಕಷ್ಟ.

ಮೊಂಡಿ


ಡಿಸೆಂಬರ್ ೨

ಮೊಂಡಿ,

ಈ ಕಾಗದ ಕೈಗೆ ಬಂದ ಕೂಡಲೇ ಆ ಸ್ವೆಟರನ್ನು ಬಿಸಿನೀರಿನಲ್ಲಿ ನೆನೆಹಾಕಿ ತೊಳೆ. ಎರಡು ಸಲ ತೊಳೆ, ತೋಳುಗಳನ್ನು ಚೆನ್ನಾಗಿ ತಿಕ್ಕು. ಒಣಗುವವರೆಗೆ ಹಾಕಿಕೊಳ್ಳಬೇಡ. ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿದ್ದೆ, ಮರೆತು ಹಾಗೇ ಕಳಿಸಿದೆ. ಮೈಗೆ ತಾಕಿದರೆ ತುರಿಕೆ ಏಳುತ್ತದೆ.

ಅಮ್ಮ ಚೆನ್ನಾಗಿದ್ದಾಳೆ. ನಾನು ಹೇಳಿದಷ್ಟು ಮಾಡು, ಮೊಂಡುತನ ಬೇಡ.

ಅಕ್ಕ


ಡಿಸೆಂಬರ್ ೯

ಅಕ್ಕಾ,

ಈ ಕಾಗದ ಅಮ್ಮನಿಗೆ ಕೊಡಬೇಡ.

ನನ್ನನ್ನು ಅಮಾನತು ಮಾಡಿದ್ದಾರೆ. ನಿನ್ನೆ ಬೆಳಿಗ್ಗೆ ಕೆಂಪು ಗೋಲಿ ಬಂತು. ನಗುತ್ತಲೇ ಹೋಗಿ ನಿಂತೆ. ಅಂಗೈ ಒರೆಸಿದರು, ಕೂಗಿತು. ಒಳಗಿನ ಸ್ವೆಟರಿನ ತೋಳು ಒರೆಸಿದರು, ಮತ್ತೆ ಕೂಗಿತು. ಪರದೆಯ ಮೇಲೆ ಮಾರ್ಫಿನ್ ಎಂದು ಬಂತು. ಅಷ್ಟು ದಿನ ನಾನೇ ಬಟ್ಟೆ ಚೂರು ಹಿಡಿಯುತ್ತಿದ್ದ ಮೇಜಿನ ಆಚೆ ಬದಿಯಲ್ಲಿ ನಿಂತು, ಆ ಮುದುಕಿ ನನ್ನನ್ನು ನೋಡಿದ ಹಾಗೆ ನಾನು ಹೆಡ್ ವಾರ್ಡರನ್ನು ನೋಡಿದೆ. "ಬೇಲಿನೇ ಎದ್ದು ಹೊಲ ಮೇಯ್ದ್ರೆ ಇನ್ನು ಕಾಯೋರು ಯಾರಮ್ಮ" ಎಂದ, ಅಷ್ಟೇ.

ಮೂತ್ರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಬದುಕಿದೆ ಎಂದುಕೊಂಡರೆ ಅದೇ ನನಗೆ ಉರುಳಾಯಿತು. ಮೈಯೊಳಗಿಲ್ಲ, ತೋಳಿನ ಮೇಲಿದೆ ಎಂದರೆ ತಾನು ತಿನ್ನದೆ ಬೇರೆಯವರಿಗೆ ಸಾಗಿಸುವವಳು ಎಂದು ಅರ್ಥವಂತೆ. ಕೋಣೆ ಶೋಧಿಸಿದರು. ಏನು ಸಿಕ್ಕಿತು ಗೊತ್ತಾ? ನಿನ್ನ ಕಾಗದ. ಎರಡು ಸಲ ತೊಳೆ, ತೋಳುಗಳನ್ನು ಚೆನ್ನಾಗಿ ತಿಕ್ಕು. ಅದನ್ನು ಸಾಕ್ಷಿ ಎಂದು ಕಡತಕ್ಕೆ ಸೇರಿಸಿದ್ದಾರೆ, ಸ್ವೆಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೀಲ್ ಮಾಡಿದ್ದಾರೆ.

ಕಾಗದ ಸೋಮವಾರವೇ ಬಂದಿತ್ತು. ನಾನು ತೊಳೆಯಲಿಲ್ಲ. ತೊಳೆದರೆ ಅಮ್ಮನ ವಾಸನೆ ಹೋಗುತ್ತಿತ್ತು. ಮೇಲಾಗಿ ಅದರಲ್ಲಿ ನುಸಿಗುಳಿಗೆಯ ವಾಸನೆ ಇರಲೇ ಇಲ್ಲ. ನೀನು ಯಾಕೆ ಸುಳ್ಳು ಬರೆದೆ? ಯಾರ ಮಾತು ಕೇಳಿ ಆ ಪಾರ್ಸಲ್ ಕಳಿಸಿದೆ? ಜೈಲಿನೊಳಗಿನ ಯಾರಾದರೂ ನಿನ್ನನ್ನು ಹೆದರಿಸಿದರಾ? ಹಾಗಿದ್ದರೆ ಹೇಳು, ತಪ್ಪಿದ್ದರೂ ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಇಲ್ಲ, ಹಾಕಿಕೊಳ್ಳುವುದಿಲ್ಲ. ಜನವರಿ ಹತ್ತಕ್ಕೆ ಒಂದು ತಿಂಗಳಿತ್ತು ಅಕ್ಕಾ.

ವಿಚಾರಣೆ ಮುಗಿಯುವವರೆಗೆ ಕ್ವಾರ್ಟರ್ಸ್ ಬಿಟ್ಟು ಹೋಗುವಂತಿಲ್ಲ.


ಡಿಸೆಂಬರ್ ೧೫

ಮೊಂಡಿ,

ಇದರ ಜೊತೆ ಎರಡು ಕಾಗದಗಳಿವೆ. ಒಂದು ಡಾಕ್ಟರದು, ಮೊಹರು ಹಾಕಿಸಿದ್ದೇನೆ, ನಿನ್ನ ಸಾಹೇಬರಿಗೆ ತೋರಿಸು. ಇನ್ನೊಂದು ನಾನು ಅಕ್ಟೋಬರ್ ಇಪ್ಪತ್ತರಂದು ಬರೆದು ಹಾಕದೆ ಇಟ್ಟುಕೊಂಡದ್ದು. ಮೊದಲು ಅದನ್ನು ಓದು.

ಓದಿದೆಯಾ? ಈಗ ನನ್ನನ್ನು ಎಷ್ಟು ಬೇಕಾದರೂ ಬೈ.

ನಿನ್ನ ಕಾಗದ ಅಮ್ಮನಿಗೆ ಕೊಡಲಿಲ್ಲ. ಆದರೆ ಅಂಚೆಯವನ ಸೈಕಲ್ ನಿಂತದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಕೊಡು ಎಂದು ಕೈಚಾಚಿದಳು. ಇಲ್ಲ ಎಂದೆ. ಔಷಧಕ್ಕೆ ಬಾಯಿ ತೆರೆಯಲಿಲ್ಲ. ನೋವಿನಿಂದ ತುಟಿ ಕಚ್ಚಿಕೊಂಡು ಮಧ್ಯಾಹ್ನದವರೆಗೆ ಹಾಗೇ ಇದ್ದಳು. ಕೊನೆಗೆ ಕೊಟ್ಟೆ. ಎರಡು ಸಲ ಓದಿದಳು. "ನನ್ನ ಸ್ವೆಟರೇ ನನ್ನ ಮಗಳ ಅನ್ನ ಕಿತ್ಕೊಳ್ತಾ" ಎಂದಳು. ಕಾಗದ ಮಡಚಿ ದಿಂಬಿನ ಕೆಳಗಿಟ್ಟು, "ಬರೋಕೆ ಹೇಳು" ಎಂದಳು. ಆಣೆಯನ್ನು ಅವಳೇ ಬಿಡಿಸಿದಳು.

ನಿನ್ನ ಆಫೀಸಿಗೆ ಫೋನ್ ಮಾಡಿದೆ. ವಿಚಾರಣೆಯಲ್ಲಿ ಇರುವವರಿಗೆ ಫೋನ್ ಕೊಡುವುದಿಲ್ಲ ಎಂದರು. ಸುದ್ದಿಯನ್ನಾದರೂ ತಿಳಿಸಿ ಎಂದರೆ, ಅದು ನಮ್ಮ ಕೆಲಸವಲ್ಲ ಎಂದರು.

ತಪ್ಪು ನನ್ನದು. ನೀನು ಯಂತ್ರದ ಸುದ್ದಿ ಬರೆದಿದ್ದೆ, ನನ್ನ ಕೈಗೆ ಏನು ಅಂಟಿದೆ ಎಂದು ನನಗೆ ಗೊತ್ತಿತ್ತು. ನಮ್ಮನ್ನು ಪರೀಕ್ಷಿಸುವುದಿಲ್ಲ ಎಂದು ನೀನೇ ಬರೆದಿದ್ದೆಯಲ್ಲ ಎಂದು ಧೈರ್ಯ ಮಾಡಿದೆ. ಆಮೇಲಾದರೂ ನಿಜ ಬರೆದಿದ್ದರೆ ನೀನು ತೊಳೆಯುತ್ತಿದ್ದೆ.

ಕಾಯಬೇಡ, ಹೊರಟು ಬಾ. ಈಗ ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಎಚ್ಚರವಿರುತ್ತಾಳೆ. ಆಗೆಲ್ಲ ಬಾಗಿಲ ಕಡೆಗೇ ಮುಖ.

ಅಕ್ಕ


ಡಿಸೆಂಬರ್ ೨೩

ಅಮ್ಮಾ,

ಈ ಸಲ ಕಾಗದ ನಿನಗೇ. ಅಕ್ಕನ ಕಾಗದ ಇಪ್ಪತ್ತಕ್ಕೆ ಬಂತು. ಡಾಕ್ಟರ ಕಾಗದವನ್ನು ಆಗಲೇ ಆಫೀಸಿಗೆ ಒಯ್ದೆ. ಸಾಹೇಬರು ರಜೆಯಲ್ಲಿದ್ದಾರೆ, ಇಪ್ಪತ್ತಾರಕ್ಕೆ ಬರುತ್ತಾರೆ, ಅವರ ಸಹಿ ಇಲ್ಲದೆ ಬಿಡುವಂತಿಲ್ಲ ಎಂದರು. ಮರುದಿನ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನವರೆಗೆ ಹೋದೆ. ಕಾವಲಿಗಿದ್ದವಳು ನನ್ನ ಜೊತೆ ತರಬೇತಿ ಪಡೆದವಳು. "ಹೋಗು, ನಾನು ನೋಡಿಲ್ಲ. ಆದ್ರೆ ಓಡಿಹೋದ್ಲು ಅಂತ ಬರೀತಾರೆ, ನೌಕರಿ ಮುಗೀತು ಅನ್ಕೊ" ಎಂದಳು. ನನ್ನ ನೌಕರಿಗೋಸ್ಕರ ನೀನು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆಯಲ್ಲ, ಅದನ್ನು ನಾನೇ ಹಾಳುಮಾಡಿ ನಿನ್ನ ಮುಂದೆ ಬಂದು ಹೇಗೆ ನಿಲ್ಲಲಿ ಎಂದು ಹಿಂದಿರುಗಿದೆ.

ಮೂರೇ ದಿನ ಅಮ್ಮಾ. ಇಪ್ಪತ್ತಾರಕ್ಕೆ ಸಹಿಯಾದ ಕೂಡಲೇ ಬಸ್ಸು ಹತ್ತುತ್ತೇನೆ. ಔಷಧ ಬೇಡ ಎನ್ನಬೇಡ. ನಾನು ಬಂದು ಕುಡಿಸುತ್ತೇನೆ.

ಎಲ್ಲ ಗುಂಡಿ ಹಾಕಿಕೊಂಡಿದ್ದೆ.

ನಿನ್ನ ಮೊಂಡಿ


ಜನವರಿ ೧೮

ಅಕ್ಕಾ,

ಇಲ್ಲಿಗೆ ಬಂದು ಎಂಟು ದಿನವಾಯಿತು. ನಿನಗೆ ಬರೆಯಲು ಕೂತಾಗಲೆಲ್ಲ ಕೈ ತಾನಾಗಿ ಅಮ್ಮನಿಗೆ ಎಂದು ಶುರು ಮಾಡುತ್ತದೆ.

ಮನೆಯಲ್ಲಿದ್ದಾಗ ನಿನ್ನ ಜೊತೆ ನಾಲ್ಕು ಮಾತು ನೆಟ್ಟಗೆ ಆಡಲಿಲ್ಲ. ಕೋಪವಿತ್ತು. ಯಾರ ಮೇಲೆ ಎಂದು ಈಗ ಗೊತ್ತಾಗಿದೆ, ನಿನ್ನ ಮೇಲಲ್ಲ. ಇಪ್ಪತ್ತಾರರ ಮಧ್ಯಾಹ್ನ ಸಹಿ ಬಿತ್ತು, ಇಪ್ಪತ್ತೇಳರ ಬೆಳಿಗ್ಗೆ ನಾನು ಬಾಗಿಲಿಗೆ ಬಂದೆ. ಹಿಂದಿನ ಸಂಜೆಯೇ ಅವಳು ಹೋಗಿದ್ದಳು. ಗೇಟಿನಿಂದ ಹಿಂದಿರುಗದೆ ಇಪ್ಪತ್ತೊಂದಕ್ಕೇ ಬಸ್ಸು ಹತ್ತಿದ್ದರೆ ನಾಲ್ಕು ದಿನ ಸಿಗುತ್ತಿತ್ತು. ನಾಲ್ಕು ದಿನ ನಾನೇ ಔಷಧ ಕುಡಿಸಬಹುದಿತ್ತು. ನಾನು ಅವಳಿಗೆ ಬರೆದ ಕಾಗದವನ್ನು ಇಪ್ಪತ್ತೆಂಟಕ್ಕೆ ಅಂಚೆಯವನಿಂದ ನಾನೇ ಕೈಯಾರೆ ತೆಗೆದುಕೊಂಡೆ. ನೀನು ಒಳಗಿದ್ದೆ, ನಿನಗೆ ಹೇಳಲಿಲ್ಲ. ಇನ್ನೂ ಒಡೆದಿಲ್ಲ.

ನೌಕರಿ ಖಾಯಂ ಆಯಿತು. ಡಾಕ್ಟರ ಕಾಗದ ನೋಡಿ ಸಾಹೇಬರು ಕಳಂಕವಿಲ್ಲ ಎಂದು ಬರೆದರು. ಮತ್ತೆ ಕೆಲಸಕ್ಕೆ ಸೇರುವ ದಿನ ನಿಯಮದಂತೆ ಕೈ ಒರೆಸಿದರು. ಎಂಟು ಸೆಕೆಂಡು ಕಾದೆ. ಯಂತ್ರ ಸುಮ್ಮನಿತ್ತು. ನನ್ನ ಕೈಯಲ್ಲಿ ಈಗ ಅಮ್ಮನದು ಏನೂ ಉಳಿದಿಲ್ಲ. ಸ್ವೆಟರ್ ಕೇಳಿದೆ. ಸೀಲ್ ಮಾಡಿದ ವಸ್ತುವನ್ನು ಒಂದು ವರ್ಷ ಕೊಡುವಂತಿಲ್ಲವಂತೆ. ಉಗ್ರಾಣದ ಕಪಾಟಿನಲ್ಲಿ ನಂಬರ್ ಹಚ್ಚಿಕೊಂಡು ಕೂತಿದೆ.

ನೀಲಿ ಕೊಡೆಯವಳ ನಿಷೇಧ ತೆಗೆಯಿರಿ, ಅವಳೂ ಡಾಕ್ಟರ ಕಾಗದ ತರಬಹುದು ಎಂದು ಸಾಹೇಬರ ಮುಂದೆ ನಿಂತೆ. ಸಿಬ್ಬಂದಿಗೆ ವಿಚಾರಣೆ ಉಂಟು, ಸಂದರ್ಶಕರಿಗೆ ಇಲ್ಲ, ನಿಯಮದಲ್ಲೇ ಇಲ್ಲ ಎಂದರು. ಅರ್ಜಿಯನ್ನಾದರೂ ತೆಗೆದುಕೊಳ್ಳಿ ಎಂದು ಗೋಗರೆದೆ. ತಂದುಕೊಡು, ನೋಡೋಣ ಎಂದರು.

ರಿಜಿಸ್ಟರಿನಿಂದ ವಿಳಾಸ ತೆಗೆದುಕೊಂಡು ನಿನ್ನೆ ಹೋದೆ. ಎರಡು ಬಸ್ಸು, ಆಮೇಲೆ ಅರ್ಧ ಗಂಟೆ ನಡಿಗೆ. ಒಂದೇ ಕೋಣೆಯ ಮನೆ. ಬಾಗಿಲ ಹಿಂದಿನ ಮೊಳೆಗೆ ಆ ಕೊಡೆ ತೂಗುಹಾಕಿತ್ತು. ಅದರ ಮರದ ಹಿಡಿಯನ್ನು ನೋಡಿದಾಗ ನನಗೆ ಹೊಳೆಯಿತು. ಔಷಧ ಕುಡಿಸಿದ ಕೈಯಲ್ಲೇ ಅವಳು ದಿನವೂ ಅದನ್ನು ಹಿಡಿಯುತ್ತಿದ್ದಳು. ನಲ್ಲಿಯಲ್ಲಿ ಅಷ್ಟು ಹೊತ್ತು ಕೈ ತೊಳೆದು, ಮತ್ತೆ ಅದನ್ನೇ ಹಿಡಿದು ನನ್ನ ಮುಂದೆ ಬಂದಿದ್ದಳು. ನಾನು ಕಣ್ಣಾರೆ ನೋಡಿದ್ದೆ.

ಯೂನಿಫಾರ್ಮ್ ಇಲ್ಲದಿದ್ದರೂ ಗುರುತು ಹಿಡಿದಳು. ಕೂರು ಎಂದಳು, ನೀರು ಕೊಟ್ಟಳು. ಯಜಮಾನರಿಗೆ ಔಷಧ ಕೊಡುವ ಡಾಕ್ಟರಿಂದ ಒಂದು ಕಾಗದ ಬೇಕಿತ್ತು ಎಂದೆ. ಮೂಲೆಯಲ್ಲಿ ಮಡಚಿಟ್ಟ ಹಾಸಿಗೆ ಆಗ ಕಣ್ಣಿಗೆ ಬಿತ್ತು. "ಅವರು ಹೋಗಿ ಇಪ್ಪತ್ತು ದಿನ ಆಯ್ತಮ್ಮ" ಎಂದಳು. "ಮಗನಿಗೆ ಇನ್ನೂ ಗೊತ್ತಿಲ್ಲ. ಕಾಗದದಲ್ಲಿ ಇಂಥದ್ದನ್ನ ಹೇಗೆ ಬರೆಸ್ಲಿ? ಎದುರಿಗೆ ಕೂತು ಹೇಳ್ಬೇಕು." ಅಮ್ಮ ಯಾಕೆ ಬರುತ್ತಿಲ್ಲ ಎಂದು ಅವನು ಎರಡು ಕಾಗದ ಹಾಕಿದ್ದಾನೆ. ಪಕ್ಕದ ಮನೆಯವರಿಂದ ಓದಿಸಿಕೊಂಡಳಂತೆ, ಉತ್ತರ ಬರೆಸಿಲ್ಲ.

ನಾನು ನೀರು ಕುಡಿದು ಲೋಟವನ್ನು ಅವಳ ಕೈಗೆ ಕೊಟ್ಟೆ. ಅವಳು ಲೋಟ ಕೆಳಗಿಟ್ಟು, ಎರಡೂ ಅಂಗೈಗಳನ್ನು ಬಿಚ್ಚಿ ನನ್ನ ಮುಂದೆ ಹಿಡಿದಳು, ಗೇಟಿನಲ್ಲಿ ನಾವು ಹಿಡಿಯಿರಿ ಎಂದು ಕಲಿಸಿದ ಹಾಗೆಯೇ.

"ಈಗ ನನ್ನ ಕೈಯಲ್ಲಿ ಏನೂ ಇಲ್ಲ. ಈಗ ಬಿಡ್ತೀರಾ?"

ಅರ್ಜಿ ಬರೆದು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದೇನೆ. ಸಾಹೇಬರು ಯಾವಾಗ ನೋಡುತ್ತಾರೋ ಗೊತ್ತಿಲ್ಲ. ನಿಷೇಧ ಮೇ ತಿಂಗಳವರೆಗೆ ಇದೆ. ಸೋಮವಾರ ಎಂಟು ಗಂಟೆಗೆ ನನಗೆ ಗೇಟ್ ಡ್ಯೂಟಿ. ಅವಳು ಸೋಮವಾರ ಬರುತ್ತೇನೆ ಎಂದಳು, ನಾನು ಬೇಡ ಎನ್ನಲಿಲ್ಲ.

ಕೊಡೆ ಮನೆಯಲ್ಲೇ ಬಿಟ್ಟು ಬಾ ಎಂದು ಮಾತ್ರ ಹೇಳಿ ಬಂದೆ.

ನಿನ್ನ ಮೊಂಡಿ